ಕೊನೆಯ ಕರೆಂಟಿಗೆ ಒಂದು ವರ್ಷ

ಕಳೆದ ವಾರ ತಪಾಸಣೆ ಮುಗಿಸಿದ ವೈದ್ಯೆ "ಎಲ್ಲ ಚೆನ್ನಾಗಿದೆ, ಇನ್ನು ಮೂರು ತಿಂಗಳು ಬಿಟ್ಟು ಬನ್ನಿ" ಎಂದರು. ನಾವು ಕರೆಂಟ್ ಎನ್ನುವ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ ಮುಗಿದು ಒಂದು ವರ್ಷವಾಯಿತು. ಹಾಸನಕ್ಕೆ ಮರಳುವ ರೈಲಿನಲ್ಲಿ ನನಗೆ ನೆನಪಾದವರಿಗೆಲ್ಲ ಇದು ತಲುಪಲಿ.

ಮೊದಲ ಋಣ ನಮ್ಮೂರಿನ ಆಶಾ ಕಾರ್ಯಕರ್ತೆಯದು. ಮುಟ್ಟು ನಿಂತು ನಾಲ್ಕು ವರ್ಷವಾದ ಮೇಲೆ ಮತ್ತೆ ರಕ್ತ ಕಂಡಾಗ ನಾನು ಉಷ್ಣವೆಂದುಕೊಂಡು ಎಳನೀರು, ಮೆಂತ್ಯ ನೆನೆಸಿದ ನೀರು ಕುಡಿಯುತ್ತ ಮೂರು ತಿಂಗಳು ಕಳೆದಿದ್ದೆ. "ನಿಂತ ಮುಟ್ಟು ಮತ್ತೆ ಬರುವುದಿಲ್ಲ ಅಕ್ಕಾ, ಇದು ಬೇರೆ ಏನೋ" ಎಂದವಳು ಮರುದಿನವೇ ಆಲೂರಿನಲ್ಲಿ ಬಸ್ಸು ಹತ್ತಿಸಿ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಯಾಪ್ಸಿಯಲ್ಲಿ ಗರ್ಭಕಂಠದ ಕ್ಯಾನ್ಸರ್ ಎಂದು ಬಂತು. ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ.

ಐದು ವಾರ, 25 ದಿನ ಹೊರಗಿನಿಂದ ಕರೆಂಟ್, ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ. ಅದನ್ನು ಹೇಗೋ ಸಹಿಸಿದೆ. ನಡುಗಿದ್ದು ಒಳಗಿನ ಕರೆಂಟಿಗೆ, ಅಂದರೆ ಬ್ರಾಕಿಥೆರಪಿಗೆ. ಇಷ್ಟು ಸಾಕು, ಊರಿಗೆ ಹೋಗುತ್ತೇನೆ ಎಂದು ಅತ್ತೆ. ವೈದ್ಯೆ ಬೈಯಲಿಲ್ಲ. ಪಕ್ಕದಲ್ಲಿ ಕುಳಿತು ಹೇಳಿದರು: "ಒಲೆಯ ಬಾಯಿಗೆ ಕೈ ಒಡ್ಡಿದರೆ ಸುಡುತ್ತದೆ, ಮೊಳ ದೂರ ಸರಿದರೆ ಬರೀ ಬೆಚ್ಚಗೆ, ಅಲ್ಲವೇ? ವಿಕಿರಣ ಸೂಸುವ ತುಣುಕನ್ನು ಗಡ್ಡೆಯ ಬಳಿಯೇ ಇಟ್ಟರೆ ಗಡ್ಡೆಗೆ ಪೂರ್ತಿ ತಾಗುತ್ತದೆ, ಮೂತ್ರಕೋಶ, ಕರುಳು ಉಳಿಯುತ್ತವೆ. ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಸಬೇಕು. ತಡಮಾಡಬೇಡಿ." ಆ ಒಲೆಯ ಮಾತು ನನ್ನನ್ನು ಉಳಿಸಿತು.

ನಾಲ್ಕು ಸಲ ಮಾಡಿದರು. ಬೆನ್ನಿಗೆ ಅರಿವಳಿಕೆ ಕೊಟ್ಟು ಗರ್ಭಕೋಶದೊಳಗೆ ಒಂದು ಕೊಳವೆ, ಅದರ ಎರಡೂ ಬದಿಗೆ ಒಂದೊಂದು, ಅಲುಗದಂತೆ ಸುತ್ತ ಗಾಜ್ ಬಟ್ಟೆ. ಸ್ಕ್ಯಾನ್ ಆದ ಮೇಲೆ ಎಲ್ಲಿಗೆ ಎಷ್ಟು ವಿಕಿರಣ ಎಂಬ ಲೆಕ್ಕ ಮುಗಿಯುವವರೆಗೆ ಮಿಸುಕದೆ ಮಲಗಿರಬೇಕು. ಕಷ್ಟವಾಗಿದ್ದು ಆ ಕಾಯುವಿಕೆಯೇ. ಆಗೆಲ್ಲ ತುಟಿಗೆ ಒದ್ದೆ ಹತ್ತಿ ತಾಗಿಸುತ್ತ ನಿಂತಿದ್ದ ಆಯಾ, ನಿಮ್ಮ ಹೆಸರನ್ನೂ ನಾನು ಕೇಳಲಿಲ್ಲ. ಕ್ಷಮಿಸಿ. ಆಮೇಲೆ ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚುತ್ತಾರೆ. ವಿಕಿರಣ ಸೂಸುವ ಇರಿಡಿಯಂ-192 ಎಂಬ ಲೋಹದ, ಅಕ್ಕಿಕಾಳಿಗಿಂತ ಚಿಕ್ಕದಾದ ತುಣುಕು ತಂತಿಯ ತುದಿಯಲ್ಲಿ ಕೊಳವೆಯೊಳಗೆ ಬಂದು, ಅಲ್ಲಲ್ಲಿ ನಿಂತು, ಹಿಂದಿರುಗುತ್ತದೆ. ನೋವಿಲ್ಲ, ಆದರೆ ಒಂಟಿತನ. ಲೆಕ್ಕ ಹಾಕಿದ ಭೌತತಜ್ಞರ ದನಿ ಸ್ಪೀಕರಿನಲ್ಲಿ ಕೇಳುತ್ತಿತ್ತು: "ಅಮ್ಮಾ, ಇನ್ನು ನಾಲ್ಕೇ ನಿಮಿಷ." ಆ ದನಿಯನ್ನೇ ಹಿಡಿದುಕೊಂಡು ಮಲಗಿದ್ದೆ.

ಯೋನಿ ಬಿಗಿದುಕೊಳ್ಳದಂತೆ ಡೈಲೇಟರ್ ಬಳಸುವುದನ್ನು ಸಂಕೋಚವಿಲ್ಲದೆ ಹೇಳಿಕೊಟ್ಟ ನರ್ಸ್ ತಂಗಿ, ಅದನ್ನು ನನಗೆ ಬೇರೆ ಯಾರೂ ಹೇಳುತ್ತಿರಲಿಲ್ಲ. ನನ್ನ ಹಸುಗಳನ್ನು ಎರಡು ತಿಂಗಳು ಕರೆದು ಡೇರಿಗೆ ಹಾಲು ಹಾಕಿದ ಪಕ್ಕದ ಮನೆಯವರಿಗೂ ಕೈ ಮುಗಿಯುತ್ತೇನೆ.

ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕರೆಂಟ್ ಹಿಡಿಸಿಕೊಂಡವರು ಮಕ್ಕಳನ್ನು ಮುಟ್ಟಬಾರದು ಎಂದು ಊರಿನಲ್ಲಿ ಯಾರೋ ಹೇಳಿದ್ದರು. ಕೊನೆಯ ದಿನ ಹೆದರುತ್ತಲೇ ಕೇಳಿದೆ. ಆ ಭೌತತಜ್ಞರು ನನ್ನ ಸೊಸೆಗೆ ತಾವೇ ಮೊಬೈಲಿನಲ್ಲಿ ವಿವರಿಸಿದರು: ಆ ತುಣುಕು ಯಂತ್ರದೊಳಕ್ಕೆ ಮರಳಿದೆ, ಅಮ್ಮನ ಮೈಯಲ್ಲಿ ವಿಕಿರಣ ಏನೂ ಉಳಿದಿಲ್ಲ.

ಅಂದು ಚಿಕಿತ್ಸೆ ಮುಗಿಸಿ ಆಲೂರಿನಲ್ಲಿ ಬಸ್ಸಿಳಿದಾಗ ಸೊಸೆ ನಿಂತಿದ್ದಳು. ಒಂದು ಮಾತೂ ಆಡದೆ ಏಳು ತಿಂಗಳ ಮಗುವನ್ನು ನನ್ನ ತೋಳಿಗೆ ಕೊಟ್ಟು, ಚೀಲಗಳನ್ನು ಎತ್ತಿಕೊಂಡು ಮುಂದೆ ನಡೆದಳು.