ಮಜಮ್ಮತ್ ಅಂದರೆ ಖಂಡನೆ: ವಿಜಯಪುರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ವಿಜಯಪುರದಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಲಗ್ನಪತ್ರಿಕೆ, ಗಣಪತಿ ಮಂಡಳಿಗಳ ಪಾವತಿ ಪುಸ್ತಕ, ರಂಜಾನ್ ತಿಂಗಳ ವೇಳಾಪಟ್ಟಿ, ಸಿದ್ಧೇಶ್ವರ ಜಾತ್ರೆಯ ಹ್ಯಾಂಡ್‌ಬಿಲ್, ಉರುಸಿನ ಪೋಸ್ಟರ್, ಯಾರು ಏನು ತಂದರೂ ಅಚ್ಚು ಹಾಕಿ ಕೊಡುತ್ತೇನೆ. ಊರಿನ ಸುದ್ದಿ ನಿಮ್ಮ ಕಚೇರಿ ಮುಟ್ಟುವ ಮೊದಲೇ ನಮ್ಮ ಕೌಂಟರಿಗೆ ಬಂದಿರುತ್ತದೆ. ಹೆಮ್ಮೆಗೆ ಹೇಳುತ್ತಿಲ್ಲ, ಧಂದೆಯೇ ಅಂಥದ್ದು.

2025ರ ಏಪ್ರಿಲ್ ಕೊನೆಯ ವಾರ. ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದು ಎರಡು ದಿನ ಆಗಿತ್ತು. ಸತ್ತವರಲ್ಲಿ ನಮ್ಮ ಶಿವಮೊಗ್ಗದವರು, ಬೆಂಗಳೂರಿನವರು ಇದ್ದರು. ಪ್ರವಾಸಿಗರನ್ನು ಉಳಿಸಲು ಹೋದ ಅಲ್ಲಿನ ಕುದುರೆ ಹುಡುಗನೊಬ್ಬನೂ ಇದ್ದ, ಅವನು ಮುಸ್ಲಿಂ. ಊರ ತುಂಬ ಅದೇ ಮಾತು. ಮಧ್ಯಾಹ್ನದ ಬಿಸಿಲಲ್ಲಿ ಒಬ್ಬ ಹಿರಿಯರು ಪ್ರೆಸ್ಸಿಗೆ ಬಂದರು. ಅವರ ಮಸೀದಿಯ ಕಮಿಟಿ ಕೆಲಸ ನಾನೇ ಮಾಡಿಕೊಡುವುದು, ನಾನು ಚಾಚಾ ಅಂತಲೇ ಕರೆಯುವುದು. ಕೈಯಲ್ಲಿ ಉರ್ದುವಿನಲ್ಲಿ ಬರೆದ ಒಂದು ಹಾಳೆ. ‘ಶುಕ್ರವಾರ ನಮಾಜ್ ಆದ ಮ್ಯಾಲ ಹಂಚೋದೈತ್ರಿ, ಐದುನೂರು ಹೊಡ್ದು ಕೊಡ್ರಿ’ ಅಂದರು. ನಮ್ಮ ಆಪರೇಟರ್ ಹುಡುಗ ಇನ್‌ಪೇಜ್ ಅನ್ನುವ ಉರ್ದು ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ. ಸಂಜೆಗೆ ಅಚ್ಚಾಯಿತು. ಗಟ್ಟು ಕಟ್ಟಿ ಕೌಂಟರ್ ಮೇಲಿಟ್ಟೆ.

ಅಷ್ಟರಲ್ಲಿ ಮಗಳ ಲಗ್ನಪತ್ರಿಕೆ ನೋಡಲು ಬಂದ ಒಬ್ಬ ಗಿರಾಕಿ, ಹಳೇ ಪರಿಚಯ, ಟಿವಿ ಸುದ್ದಿ ಮಾತಾಡುತ್ತಾ ಕೂತರು. ‘ಇಷ್ಟ್ ಮಂದಿ ಸತ್ತಾರ, ಇವ್ರ ಮೌಲಾನಾಗಳು ಒಬ್ಬರರ ಬಾಯಿ ಬಿಟ್ಟಾರೇನ್ರಿ?’ ಅಂದರು. ಹಾಗೆನ್ನುತ್ತಲೇ ಗಟ್ಟಿನ ಮೇಲಿನ ಹಾಳೆಯೊಂದನ್ನು ಎಳೆದುಕೊಂಡು, ಅದರ ಹಿಂದೆ ನಾಲ್ಕುನೂರು ಪತ್ರಿಕೆಗೆ ಎಷ್ಟಾಗುತ್ತದೆ ಅಂತ ಲೆಕ್ಕ ಬರೆಯತೊಡಗಿದರು. ಅವರು ಲೆಕ್ಕ ಬರೆಯುತ್ತಿದ್ದದ್ದು ಚಾಚಾ ಅಚ್ಚು ಹಾಕಿಸಿದ ಭಯೋತ್ಪಾದನೆಯ ಖಂಡನೆಯ ಬೆನ್ನ ಮೇಲೇ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಳೆ ತಿರುಗಿಸಿ ತೋರಿಸಿದೆ. ‘ಇದು ಉರುಸಿಂದಲ್ಲೇನ್ರಿ?’ ಅಂದರು ಪಾಪ.

ಅವರ ತಪ್ಪು ಅನ್ನಲಾರೆ. ನನಗೂ ಉರ್ದು ಓದಲು ಬರುವುದಿಲ್ಲ, ಅಚ್ಚು ಹಾಕಲು ಮಾತ್ರ ಬರುತ್ತದೆ! ಆಪರೇಟರ್ ಹುಡುಗ ಓದಿ ಹೇಳಿದ. ತಲೆಬರಹದಲ್ಲಿದ್ದದ್ದು ಎರಡು ಮಾತು. ದಹಶತ್‌ಗರ್ದಿ ಅಂದರೆ ಭಯೋತ್ಪಾದನೆ. ಮಜಮ್ಮತ್ ಅಂದರೆ ಖಂಡನೆ. ಕೆಳಗೆ ಕುರಾನಿನ ಐದನೇ ಅಧ್ಯಾಯದ 32ನೇ ವಾಕ್ಯದ ಮಾತಿತ್ತು. ಅನ್ಯಾಯವಾಗಿ ಒಂದು ಜೀವ ತೆಗೆದವನು ಇಡೀ ಮನುಷ್ಯಕುಲವನ್ನೇ ಕೊಂದಂತೆ, ಒಂದು ಜೀವ ಉಳಿಸಿದವನು ಎಲ್ಲರನ್ನೂ ಉಳಿಸಿದಂತೆ ಅಂತ.

ಸಾಹೇಬರೇ, ಈ ಪತ್ರ ಬರೆಯಲು ಆ ಹಾಳೆಯೇ ಕಾರಣ.

ಹಬ್ಬದ ಮುಂಚಿನ ಶಾಂತಿ ಸಭೆಗಳಲ್ಲಿ ನಾನು ಮಂಡಳಿಯವರ ಜೊತೆ ಹಿಂದಿನ ಸಾಲಿನಲ್ಲಿ ಕೂತು ಬಂದಿದ್ದೇನೆ. ಯಾವ ವರ್ಷ, ಯಾರು ಅಂತ ಬೇಡ. ಡಿಜೆ, ಮೆರವಣಿಗೆ ದಾರಿ, ಕರೆಂಟಿನ ವೈರು, ಇವೆಲ್ಲ ಮುಗಿದ ಮೇಲೆ ಯಾರಾದರೊಬ್ಬರು ಎದ್ದು ಅದೇ ಪ್ರಶ್ನೆ ಕೇಳುತ್ತಾರೆ. ಭಯೋತ್ಪಾದನೆಯನ್ನು ನಿಮ್ಮ ಧರ್ಮಗುರುಗಳು ಯಾಕೆ ಖಂಡಿಸಲ್ಲ? ಮುಂದಿನ ಸಾಲಿನ ಹಿರಿಯರು ಎದ್ದು, ಖಂಡಿಸುತ್ತೇವೆ ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಮುಂದಿನ ಸಭೆಯಲ್ಲಿ ಮತ್ತೆ ಅದೇ ಪ್ರಶ್ನೆ. ಹಿಂದಿನ ಸಲದ ಉತ್ತರವನ್ನು ಯಾರೂ ಬರೆದಿಟ್ಟುಕೊಂಡಿರುವುದಿಲ್ಲ.

ಹಾಗಾದರೆ ಉತ್ತರ ನಿಜವಾಗಿ ಇದೆಯಾ? ಇದೆ, ಅದೂ ಇವತ್ತಿನದಲ್ಲ. 2008ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ದೇವಬಂದ್‌ನ ದೊಡ್ಡ ಮದರಸಾ ದಾರುಲ್ ಉಲೂಮ್ ದೇಶದ ಎಲ್ಲಾ ಕಡೆಯಿಂದ ಉಲೇಮಾಗಳನ್ನು, ಅಂದರೆ ಧರ್ಮ ಪಂಡಿತರನ್ನು ಕರೆಸಿ, ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧ ಅಂತ ಘೋಷಿಸಿತು. ಅದೇ ವರ್ಷ ಮೇ 31ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ದೊಡ್ಡ ಸಭೆ ಸೇರಿಸಿ, ಅದನ್ನೇ ಫತ್ವಾ ರೂಪದಲ್ಲಿ ಓದಿದರು. ನವೆಂಬರ್‌ನಲ್ಲಿ ಹೈದರಾಬಾದಿನಲ್ಲಿ ಸುಮಾರು 6 ಸಾವಿರ ಉಲೇಮಾಗಳು ಸೇರಿ ಅದಕ್ಕೆ ಒಪ್ಪಿಗೆ ಕೊಟ್ಟರು. ಹೈದರಾಬಾದ್ ನಮಗೇನು ದೂರ? ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಇಳಿಯುತ್ತೇವೆ. ಆದರೂ ಆ ಸುದ್ದಿ ನಮ್ಮ ಬಸ್‌ಸ್ಟ್ಯಾಂಡ್ ತನಕ ಬರಲಿಲ್ಲ.

ಫತ್ವಾ ಅಂದ ಕೂಡಲೇ ನಮ್ಮ ಜನ ಬೆಚ್ಚುತ್ತಾರೆ. ತಲೆ ತೆಗೆಯುವ ಹುಕುಂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಚಾಚಾ ಬಿಡಿಸಿ ಹೇಳಿದರು. ಯಾರಾದರೂ ಪ್ರಶ್ನೆ ಬರೆದು ಕೇಳಿದರೆ ಮುಫ್ತಿಯಾದವರು ಶಾಸ್ತ್ರ ನೋಡಿ ಕೊಡುವ ಉತ್ತರ, ಅಷ್ಟೇ. ಬಡ್ಡಿ, ಆಸ್ತಿ ಪಾಲು, ಉಪವಾಸ, ಎಲ್ಲದಕ್ಕೂ ಫತ್ವಾ ಇರುತ್ತದೆ. ಒಬ್ಬರ ಫತ್ವಾ ಇನ್ನೊಬ್ಬರು ಒಪ್ಪಲೇಬೇಕು ಅಂತಿಲ್ಲ. ಎಲ್ಲರ ಪರವಾಗಿ ಮಾತಾಡುವ ಒಬ್ಬ ಗುರು ಸುನ್ನಿ ಮುಸ್ಲಿಮರಲ್ಲಿ ಇಲ್ಲ. ಇದು ನಮಗೆ ಅರ್ಥವಾಗದ ಮಾತೇನಲ್ಲ. ನಮ್ಮಲ್ಲೂ ಒಂದು ಮಠದ ಸ್ವಾಮಿಗಳು ಹೇಳಿದ್ದು ಇನ್ನೊಂದು ಮಠಕ್ಕೆ ಲಾಗೂ ಆಗುತ್ತದಾ?

ಹಾಗಾಗಿ ದೇವಬಂದ್‌ನವರು ಹೇಳಿದ್ದನ್ನೇ ಸುನ್ನಿಗಳ ಇನ್ನೊಂದು ಪಂಥವಾದ ಬರೇಲಿಯವರೂ ಹೇಳಿದರೆ ಅದಕ್ಕೊಂದು ತೂಕ ಬರುತ್ತದೆ. ದರ್ಗಾ, ಉರುಸ್ ವಿಷಯದಲ್ಲಿ ಈ ಇಬ್ಬರಿಗೂ ನೂರು ವರ್ಷದ ಜಗಳ. ಇಬ್ಬರ ಪೋಸ್ಟರನ್ನೂ ಒಂದೇ ದಿನ ಅಚ್ಚು ಹಾಕುವಾಗ ನಾನು ಗಟ್ಟು ಅದಲುಬದಲಾಗದ ಹಾಗೆ ನೋಡಿಕೊಳ್ಳುತ್ತೇನೆ! 2015ರ ಡಿಸೆಂಬರ್‌ನಲ್ಲಿ ಬರೇಲಿಯ ಆಲಾ ಹಜರತ್ ದರ್ಗಾದ ಉರುಸಿನಲ್ಲಿ ಐಸಿಸ್, ತಾಲಿಬಾನ್, ಅಲ್ ಖೈದಾ ವಿರುದ್ಧ ಫತ್ವಾ ಬಂತು. ಸುಮಾರು 70 ಸಾವಿರ ಧರ್ಮಗುರುಗಳು ಒಪ್ಪಿದರು ಅಂತ ಪತ್ರಿಕೆಗಳು ಬರೆದವು. ಹೊರದೇಶದ ಮಾತು ಬೇಕಿದ್ದರೆ, 2014ರ ಸೆಪ್ಟೆಂಬರ್‌ನಲ್ಲಿ 126 ವಿದ್ವಾಂಸರು ಐಸಿಸ್‌ನ ಮುಖ್ಯಸ್ಥ ಬಗ್ದಾದಿಗೆ, ನೀನು ಮಾಡುತ್ತಿರುವುದು ಯಾವ ಶಾಸ್ತ್ರದಲ್ಲೂ ಇಲ್ಲ ಅಂತ ಉದ್ದಕ್ಕೆ ಬರೆದರು. ಅದೂ ನನ್ನದರ ಹಾಗೆ ಒಂದು ಬಹಿರಂಗ ಪತ್ರವೇ. ಅವರು ಬರೆದದ್ದು ಅರಬ್ಬಿಯಲ್ಲಿ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಈ ಲೆಕ್ಕಗಳಲ್ಲ, ಮುಂಬೈನ ಒಂದು ಸಂಗತಿ. 2008ರ ನವೆಂಬರ್ 26ರ ದಾಳಿಯಲ್ಲಿ ಸತ್ತ ಒಂಬತ್ತು ಉಗ್ರರ ಹೆಣಗಳಿಗೆ ಅಲ್ಲಿನ ಮುಸ್ಲಿಮರು ತಮ್ಮ ಖಬರಸ್ತಾನಗಳಲ್ಲಿ ಜಾಗ ಕೊಡಲಿಲ್ಲ. ಮರೀನ್ ಲೈನ್ಸ್‌ನ ಬಡಾ ಖಬರಸ್ತಾನ ನೋಡಿಕೊಳ್ಳುವ ಜಾಮಾ ಮಸೀದಿ ಟ್ರಸ್ಟ್, ಆಗುವುದಿಲ್ಲ ಅಂದುಬಿಟ್ಟಿತು. ಅಮಾಯಕರನ್ನು ಕೊಂದವರಿಗೆ ಇಲ್ಲಿ ಮಣ್ಣಿಲ್ಲ. ಹೆಣಗಳು ಜೆ.ಜೆ. ಆಸ್ಪತ್ರೆಯ ಶವಾಗಾರದಲ್ಲಿ ವರ್ಷಕ್ಕೂ ಜಾಸ್ತಿ ಬಿದ್ದಿದ್ದವು. ಕೊನೆಗೆ 2010ರ ಜನವರಿಯಲ್ಲಿ ಸರ್ಕಾರವೇ ಗುಟ್ಟಾಗಿ ಎಲ್ಲೋ ಹೂಳಿತು. 2008ರ ಬಕ್ರೀದ್ ಬಂದದ್ದು ದಾಳಿಯಾಗಿ ಎರಡು ವಾರಕ್ಕೆ. ಅಲ್ಲಿನ ಮುಸ್ಲಿಮರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ನಮಾಜಿಗೆ ಹೋದರು.

ನಮ್ಮ ಕಡೆ ಹೆಣಕ್ಕೆ ಮಣ್ಣು ಕೊಡುವುದಿಲ್ಲ ಅನ್ನುವುದು ಎಂಥ ಮಾತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ವೈರಿ ಸತ್ತರೂ ಹೆಗಲು ಕೊಡುವ ಸೀಮೆ ಇದು. ಅದಕ್ಕಿಂತ ದೊಡ್ಡ ಖಂಡನೆ ಇನ್ಯಾವುದು ಬೇಕು ಅಂತ ನನಗೆ ಅನಿಸುತ್ತದೆ.

ಪಹಲ್ಗಾಮ್ ಸಲವೂ ಹಾಗೇ. ಮರುದಿನವೇ ಕಾಶ್ಮೀರ ಪೂರ್ತಿ ಬಂದ್ ಆಯಿತು, ಕೊಂದವರ ವಿರುದ್ಧ. ಶ್ರೀನಗರದ ಜಾಮಿಯಾ ಮಸೀದಿಯಲ್ಲಿ ಸತ್ತವರಿಗಾಗಿ ಮೌನ ಆಚರಿಸಿದರು. ಏಪ್ರಿಲ್ 25ರ ಶುಕ್ರವಾರ ಎಷ್ಟೋ ಊರುಗಳಲ್ಲಿ ಕಪ್ಪು ಪಟ್ಟಿ ಕಟ್ಟಿಕೊಂಡೇ ನಮಾಜ್ ಆಯಿತು.

ಹಾಗಂತ ನನ್ನದು ಬರೀ ಹೊಗಳಿಕೆ ಅಂದುಕೊಳ್ಳಬೇಡಿ. ಮುಸ್ಲಿಂ ಹಿರಿಯರ ಮೇಲೂ ನನ್ನ ತಕರಾರಿದೆ, ಚಾಚಾಗೆ ಮುಖದ ಮೇಲೇ ಹೇಳಿದ್ದೇನೆ. ಖಂಡನೆ ಬರೆಯುವುದು ಉರ್ದುವಿನಲ್ಲಿ, ಓದುವುದು ಮಸೀದಿಯಲ್ಲಿ, ಹಂಚುವುದು ಮಸೀದಿ ಬಾಗಿಲಲ್ಲಿ. ಕೇಳಬೇಕಾದ ನನ್ನಂಥವರು ಇರುವುದು ರಸ್ತೆಯ ಈಚೆ. ಕರಾವಳಿಯ ಮುಸ್ಲಿಮರನ್ನು ನೋಡಿ. ಮನೆಯಲ್ಲಿ ಬ್ಯಾರಿ ಮಾತಾಡಿದರೂ ಬರೆಯುವುದು ಕನ್ನಡದಲ್ಲಿ. ಮಂಗಳೂರಿನಿಂದ ಸನ್ಮಾರ್ಗ ಅಂತ ಕನ್ನಡ ವಾರಪತ್ರಿಕೆಯೇ ಬರುತ್ತದೆ. ಶಾಂತಿ ಪ್ರಕಾಶನದವರು ಕುರಾನನ್ನೇ ಕನ್ನಡಕ್ಕೆ ತಂದಿದ್ದಾರೆ. ನಮ್ಮ ಕಡೆ ಸಂತೆಯಲ್ಲಿ, ಹೊಲದಲ್ಲಿ ನಮಗಿಂತ ಚಂದ ಕನ್ನಡ ಮಾತಾಡುವ ಸಾಬರು, ಗಂಭೀರ ಮಾತು ಬಂದಾಗ ಮಾತ್ರ ಉರ್ದು ಹಿಡಿಯುತ್ತಾರೆ. ಇನ್ನೊಂದು ಮಾತು. ಕೆಲವರು ಖಂಡಿಸುತ್ತೇವೆ ಅಂದವರೇ ‘ಆದರೆ’ ಅಂತ ಶುರು ಮಾಡುತ್ತಾರೆ. ಸತ್ತವರ ಮನೆಯಲ್ಲಿ ಕೂತು ಯಾರೂ ‘ಆದರೆ’ ಅನ್ನುವುದಿಲ್ಲ, ಅಲ್ವಾ?

ನಾನು ಇಷ್ಟು ಹೇಳಿದ್ದಕ್ಕೆ ಚಾಚಾ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ‘ಕನ್ನಡದಾಗ ಹಾಕೂನು, ಅದೇನ್ ದೊಡ್ಡದಲ್ಲ. ಆದ್ರ ಅಣ್ಣಾರ, ಪ್ರತಿ ಸಲ ಸ್ಟೇಷನ್ನಿಗೆ ಹೋಗಿ ಸಹಿ ಮಾಡಿ ಬಂದಂಗ ಆಗ್ತೈತಿ. ಸತ್ತವ್ರಿಗೆ ದುಃಖ ಪಡೂದೋ, ನಾವಲ್ಲ ನಾವಲ್ಲ ಅಂತ ಹೇಳೂದೋ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚಹಾ ತರಿಸಿದೆ.

ಅವರ ಮಾತು ಸುಳ್ಳಲ್ಲ. ಪಕ್ಕದ ಬೆಳಗಾವಿ ಜಿಲ್ಲೆಯನ್ನೇ ನೋಡಿ. 2025ರ ಮೇ 7ರಂದು ಆಪರೇಷನ್ ಸಿಂಧೂರ್ ಬಗ್ಗೆ ಇಡೀ ದೇಶಕ್ಕೆ ವಿವರ ಕೊಟ್ಟ ಕರ್ನಲ್ ಸೋಫಿಯಾ ಖುರೇಷಿ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ. ನಮ್ಮ ಕಡೆಯ ಸೊಸೆ ಅಂತ ನಾವೆಲ್ಲ ಎದೆ ಉಬ್ಬಿಸಿದೆವು. ವಾರ ಕಳೆಯುವುದರೊಳಗೆ ಮಧ್ಯಪ್ರದೇಶದ ಮಂತ್ರಿಯೊಬ್ಬರು ಅವರನ್ನು ಉಗ್ರರ ಜೊತೆ ಸೇರಿಸಿ ಮಾತಾಡಿದರು, ಅಲ್ಲಿನ ಹೈಕೋರ್ಟೇ ಎಫ್‌ಐಆರ್ ಹಾಕಿ ಅಂತ ಹೇಳಬೇಕಾಯಿತು. ಸೇನೆಯ ಸಮವಸ್ತ್ರ ಹಾಕಿದವರ ಪಾಡೇ ಹೀಗಾದರೆ, ಲುಂಗಿ ಉಟ್ಟು ಹಣ್ಣಿನ ಗಾಡಿ ತಳ್ಳುವವನ ಪಾಡೇನು?

ನಮ್ಮ ಜಿಲ್ಲೆಯದೇ ಒಂದು ಹಳೆಯ ಸಂಗತಿ ನಿಮ್ಮ ಕಚೇರಿಯ ಕಡತಗಳಲ್ಲಿ ಇದ್ದೇ ಇರುತ್ತದೆ. 2012ರ ಜನವರಿ 1ರಂದು ಸಿಂದಗಿಯ ತಹಶೀಲ್ದಾರ್ ಕಚೇರಿ ಆವರಣದಲ್ಲಿ ಪಾಕಿಸ್ತಾನದ ಬಾವುಟ ಹಾರಿತ್ತು. ಪ್ರತಿಭಟನೆ ಶುರುವಾಯಿತು. ಎಲ್ಲರ ಬೆರಳು ಒಂದೇ ಕಡೆ ತೋರಿಸುತ್ತಿತ್ತು. ಆಮೇಲೆ ಪೊಲೀಸರು ಆರು ಹುಡುಗರನ್ನು ಬಂಧಿಸಿದರು. ಅವರಲ್ಲಿ ಒಬ್ಬನೂ ಮುಸ್ಲಿಂ ಇರಲಿಲ್ಲ. ಆವತ್ತು ಯಾರೂ ನನ್ನ ಪ್ರೆಸ್ಸಿಗೆ ಬಂದು, ನಿಮ್ಮ ಸ್ವಾಮಿಗಳು ಯಾಕೆ ಖಂಡಿಸಲಿಲ್ಲ ಅಂತ ಕೇಳಲಿಲ್ಲ. ಕೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಆ ಹುಡುಗರಿಗೂ ನನಗೂ ಏನು ಸಂಬಂಧ ಅಂತ ಜಗಳ ಆಡುತ್ತಿದ್ದೆ. ಚಾಚಾ ಇಷ್ಟು ವರ್ಷ ಜಗಳ ಆಡಿಲ್ಲ, ಹ್ಯಾಂಡ್‌ಬಿಲ್ ಮಾಡಿಸಿದ್ದಾರೆ.

ನಿಮ್ಮಲ್ಲಿ ನಾನು ಕೇಳುವುದು ಜಾಸ್ತಿ ಏನಲ್ಲ. ಇಂಥ ಖಂಡನೆಯ ಹೇಳಿಕೆ ಜಿಲ್ಲೆಯ ಯಾವುದೇ ಮಸೀದಿ, ದರ್ಗಾ, ಸಂಘದಿಂದ ಬಂದಾಗ, ಅದನ್ನು ಕನ್ನಡ ಮಾಡಿಸಿ ವಾರ್ತಾ ಇಲಾಖೆಯಿಂದ ಒಂದು ಪತ್ರಿಕಾ ಟಿಪ್ಪಣಿಯಾಗಿ ಕಳಿಸುವ ವ್ಯವಸ್ಥೆ ಮಾಡಿ. ಸರ್ಕಾರ ಯಾಕೆ ಧರ್ಮದ ಹೇಳಿಕೆ ಹಂಚಬೇಕು ಅಂತ ಯಾರಾದರೂ ಕೇಳಬಹುದು. ಜಾತ್ರೆ, ಉರುಸುಗಳ ಟಿಪ್ಪಣಿ ಹೋಗಬಹುದಾದರೆ ಇದೂ ಹೋಗಬಹುದು. ಉರ್ದು ಶಾಲೆಗಳಲ್ಲಿ ಎರಡೂ ಭಾಷೆ ಚೆನ್ನಾಗಿ ಬಲ್ಲ ಮಾಸ್ತರರು ಇದ್ದಾರೆ, ಒಂದು ಪುಟಕ್ಕೆ ಅರ್ಧ ಗಂಟೆ ಸಾಕು. ಅಚ್ಚಿನ ಖರ್ಚಿನ ಮಾತು ಬಂದರೆ ಕಾಗದದ ದುಡ್ಡು ಕೊಡಿ, ಮಜೂರಿ ನನಗೆ ಬೇಡ.

ಮತ್ತೆ ಶಾಂತಿ ಸಭೆ. ಅಲ್ಲಿ ಆ ಪ್ರಶ್ನೆ ಎದ್ದಾಗ ಮುಂದಿನ ಸಾಲಿನ ಹಿರಿಯರನ್ನು ಎಬ್ಬಿಸಬೇಡಿ. ಉತ್ತರವನ್ನು ಒಂದು ಸಲ ನಡಾವಳಿಯಲ್ಲಿ ಬರೆಸಿಡಿ, ಆಮೇಲೆ ಅದನ್ನೇ ಓದಿಸಿ. ಸಭೆಯನ್ನು ಹಬ್ಬದ ಮುಂಚೆ ಮಾತ್ರ ಕರೆಯುವುದೂ ಬೇಡ. ಹಬ್ಬ ಇಲ್ಲದ, ಬಂದೋಬಸ್ತ್ ಇಲ್ಲದ ಒಂದು ದಿನ, ಬೇಸಿಗೆ ಮುಗಿದ ಮೇಲೆ, ಸುಮ್ನೆ ಚಹಾ ಕುಡಿಯಲು ಕರೆಯಿರಿ. ಬಿಗುವಿಲ್ಲದಾಗ ಜನ ಬೇರೆಯೇ ಮಾತಾಡುತ್ತಾರೆ.

ಆ ವಾರ ನಾವು ಕನ್ನಡದಲ್ಲೂ ಹಾಳೆ ಮಾಡಿದೆವು. ಆಪರೇಟರ್ ಹುಡುಗ ಉರ್ದು ಓದಿ ಹೇಳಿದ, ನಾನು ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡಿದೆ, ಚಾಚಾ ಪಕ್ಕದಲ್ಲಿ ಕೂತು ಎರಡು ಕಡೆ ತಿದ್ದಿದರು. ‘ಖಂಡಿಸುತ್ತೇವೆ’ಗೆ ‘ಉಗ್ರವಾಗಿ’ ಸೇರಿಸೋಣವಾ ಅಂದೆ. ‘ಬ್ಯಾಡ್ರಿ, ಆ ಶಬ್ದನ ಬ್ಯಾಡ’ ಅಂದರು, ಇಬ್ಬರೂ ನಕ್ಕೆವು. ಇನ್ನೂರು ಪ್ರತಿ ಹೊಡೆದೆವು. ಲಗ್ನಪತ್ರಿಕೆಯ ಗಿರಾಕಿ ಹತ್ತು ಒಯ್ದರು, ಪತ್ರಿಕೆ ಹಂಚುವಾಗ ನಾಲ್ಕು ಮನೆಗೆ ಕೊಟ್ಟೆ ಅಂತ ಆಮೇಲೆ ಬಂದು ಹೇಳಿದರು. ನಮ್ಮ ಕಪಾಟಿನಲ್ಲಿ ಇನ್ನೂ ಹದಿನೇಳು ಪ್ರತಿ ಉಳಿದಿವೆ. ಮುಂದಿನ ಸಭೆಗೆ ಬರುವಾಗ ತರುತ್ತೇನೆ. ಒಂದು ನಿಮಗೆ, ಒಂದು ನಡಾವಳಿಯ ಕಡತಕ್ಕೆ. ಉಳಿದವನ್ನು ಹಿಂದಿನ ಸಾಲಿನಲ್ಲೇ ಹಂಚುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ವಿಜಯಪುರದ ಒಬ್ಬ ಪ್ರಿಂಟಿಂಗ್ ಪ್ರೆಸ್ ಮಾಲೀಕ