ಮುಚ್ಚಳಿಕೆ ಮುರಿದರೆ ಐವತ್ತೇ ರೂಪಾಯಿ?

ಮಾನ್ಯ ಸಂಪಾದಕರೇ,

ಹೆಣ್ಣುಮಗಳ ಬೆನ್ನುಬಿದ್ದು ಕಾಡಿದನೆಂದು ಸಾಬೀತಾದವನನ್ನೂ ನ್ಯಾಯಾಲಯವು ತನಗೆ ಸರಿಯೆನಿಸಿದರೆ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯಡಿ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಊರಿಗೆ ಕಳುಹಿಸಬಹುದು. ನನ್ನ ಆಕ್ಷೇಪ ಅದಕ್ಕಲ್ಲ. ಷರತ್ತು ಮುರಿದಾಗ 9ನೇ ಕಲಮಿನಂತೆ ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸಬಹುದು. ಇಲ್ಲವೇ, ಅದು ಮೊದಲ ಉಲ್ಲಂಘನೆಯಾಗಿದ್ದರೆ, ಹೆಚ್ಚೆಂದರೆ 50 ರೂಪಾಯಿ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಬಹುದು. ಆ ಕಾಲಕ್ಕೆ ಅದು ದೊಡ್ಡ ಮೊತ್ತವೇ ಇರಬಹುದು, ಇಂದು ತೀರ್ಥಹಳ್ಳಿಯ ಹೋಟೆಲಿನಲ್ಲಿ ದೋಸೆ-ಕಾಫಿಗೂ ಸಾಲದು. 2024ರ ಜುಲೈ 1ರಿಂದ ದಂಡಸಂಹಿತೆಯೇ ಬದಲಾದರೂ ಈ ಐವತ್ತು ರೂಪಾಯಿಯ ಕಡೆ ಯಾರೂ ನೋಡಿದಂತಿಲ್ಲ.

ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಫರ್ಲಾಂಗುಗಟ್ಟಲೆ ದೂರ. ಕೊಡೆ ಹಿಡಿದು, ತೋಟದ ಸಂಕ ದಾಟಿ ಕಾಲೇಜಿಗೆ ಹೊರಡುವ ಹುಡುಗಿಗೆ ಇರುವುದು ಒಂದೇ ದಾರಿ, ಬೆಳಿಗ್ಗೆ ಒಂದೇ ಬಸ್ಸು. ನಿಲ್ದಾಣದ ಕಟ್ಟೆಯ ಮೇಲೆ ಅವನೇ ಕೂತಿದ್ದರೆ ಬಳಸಿ ಹೋಗಲು ಜಾಗವಿಲ್ಲ, ಆಷಾಢದ ಮಳೆಯಲ್ಲಿ ಕೂಗಿದರೂ ಕೇಳುವುದಿಲ್ಲ.

ಆದ್ದರಿಂದ ಲೈಂಗಿಕ ಅಪರಾಧಗಳ ಮಟ್ಟಿಗೆ ಸಂತ್ರಸ್ತೆಯ ಬಳಿ ಸುಳಿಯಬಾರದೆಂಬ ಷರತ್ತನ್ನು ಕಡ್ಡಾಯಗೊಳಿಸಿ, ಅದನ್ನು ಮುರಿದವನಿಗೆ ದಂಡ ಕಟ್ಟಿ ಪಾರಾಗುವ ಅವಕಾಶವಿಲ್ಲದಂತೆ ಸಂಸತ್ತು 9ನೇ ಕಲಮನ್ನು ತಿದ್ದಬೇಕು.

– ಓರ್ವ ಓದುಗ, ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ