ಬೇಸಿಗೆ, ರಾತ್ರಿ ಪಾಳಿ, ಲಿಥಿಯಂ: ಗಮನಿಸಿ

ಎಲ್ಲರಿಗೂ ನಮಸ್ಕಾರ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಪಾಳಿ ಮೇಲೆ ದುಡಿಯುವ, ಬೈಪೋಲಾರ್ (ಉನ್ಮಾದ ಅಂದರೆ ಅತಿ ಹುರುಪು, ಖಿನ್ನತೆ ಎರಡೂ ಬಂದುಹೋಗುವ ಮಾನಸಿಕ ಕಾಯಿಲೆ) ಇರುವ ಸದಸ್ಯರು ಮತ್ತು ಮನೆಯವರು ದಯವಿಟ್ಟು ಪೂರ್ತಿ ಓದಿ.

ರಾತ್ರಿ ಪಾಳಿಯಲ್ಲಿ ನಿದ್ದೆ ಕೆಟ್ಟರೆ ಉನ್ಮಾದ ಏಳಬಹುದು. ಮೂರು ಗಂಟೆ ಮಲಗಿದರೂ ಸುಸ್ತಿಲ್ಲ, ಮಾತಿಗೆ ತಡೆಯಿಲ್ಲ, ಹತ್ತು ಕೆಲಸಕ್ಕೆ ಒಟ್ಟಿಗೇ ಕೈ, ಸಾಲ ಮಾಡಿ ಖರೀದಿ: ಎರಡು ದಿನ ಹೀಗಾದರೆ ಡಾಕ್ಟರಿಗೆ ಫೋನ್ ಮಾಡಿ. ಸೂಪರ್‌ವೈಸರ್ ಕಣ್ಣಿಗೆ 'ಹುಡುಗ ಚುರುಕಾದ' ಅನ್ನಿಸುವುದೂ ಆಗಲೇ, ಆ ಹೊಗಳಿಕೆ ನಂಬಬೇಡಿ. ಖಿನ್ನತೆಯಲ್ಲಿ ಬೆಳಿಗ್ಗೆ ಏಳಲಾಗದೆ ಬಸ್ ತಪ್ಪುತ್ತದೆ, ಗೊತ್ತಿದ್ದ ಕೆಲಸಕ್ಕೂ ದುಪ್ಪಟ್ಟು ಹೊತ್ತು ಹಿಡಿಯುತ್ತದೆ. ಸೋಮಾರಿ ಎಂದು ಬೈಯಬೇಡಿ. ಹಗಲು ಪಾಳಿ ಬೇಕಿದ್ದರೆ 'ನಿದ್ದೆಯ ಸಮಯ ಬದಲಾಗಬಾರದು' ಎಂದು ವೈದ್ಯರಿಂದ ಚೀಟಿ ಬರೆಸಿಕೊಳ್ಳಿ.

ಈ ಕಾಯಿಲೆಗೆ ಲಿಥಿಯಂ ಮಾತ್ರೆ ತಗೊಳ್ಳುವವರು: ರಕ್ತದಲ್ಲಿ ಅದರ ಮಟ್ಟದ ಪರೀಕ್ಷೆಗೆ ರಕ್ತ ಕೊಡಬೇಕಾದ್ದು ಕೊನೇ ಮಾತ್ರೆಯಾಗಿ 12 ಗಂಟೆಗೆ. ರಾತ್ರಿ 9ಕ್ಕೆ ನುಂಗಿದರೆ ಬೆಳಿಗ್ಗೆ 9ಕ್ಕೆ. ಬೆಳಗಿನ ಮಾತ್ರೆ ಆಮೇಲೆ; ಮೊದಲೇ ನುಂಗಿದರೆ ಮಟ್ಟ ಸುಳ್ಳೇ ಹೆಚ್ಚು ತೋರಿಸುತ್ತದೆ. ಮಟ್ಟ ಸಾಮಾನ್ಯವಾಗಿ 0.6ರಿಂದ 1.0 (mmol/L) ಒಳಗಿರಬೇಕು. ವಿಪರೀತ ಬೆವರು, ವಾಂತಿ-ಭೇದಿ, ಉಪ್ಪು ಏಕಾಏಕಿ ಬಿಡುವುದು, ಮೈಕೈ ನೋವಿಗೆ ಐಬುಪ್ರೊಫೇನ್ ಅಥವಾ ಡೈಕ್ಲೊಫೆನಾಕ್, ಇವೆಲ್ಲ ಮಟ್ಟ ಏರಿಸುತ್ತವೆ. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ನಡಿಗೆ ತೂರಾಡಿದರೆ ಮುಂದಿನ ಮಾತ್ರೆ ನುಂಗದೆ ಆಸ್ಪತ್ರೆಗೆ ಹೊರಡಿ. ಬೇರೆ ಯಾವ ಕಾರಣಕ್ಕೂ ನೀವಾಗಿಯೇ ನಿಲ್ಲಿಸಬೇಡಿ.

ಪರೀಕ್ಷೆ ಬಾಕಿ ಇರುವವರು, ಚೀಟಿಗೆ ಸಹಾಯ ಬೇಕಾದವರು ಶನಿವಾರದೊಳಗೆ ಅಡ್ಮಿನ್‌ಗೆ ಖಾಸಗಿಯಾಗಿ ತಿಳಿಸಿ. ರಿಪೋರ್ಟ್ ಫೋಟೊ ಗುಂಪಿನಲ್ಲಿ ಹಾಕಬೇಡಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಓದಿದವರು 'ಸರಿ' ಎಂದು ಹಾಕಿ.